ಎರಡು ಆಸ್ಪತ್ರೆಯಿಂದ ‘ಅಲ್ ಶಿಫಾ’ವರೆಗೆ

ಮಸ್ಕತ್‌ಗೆ ಬಂದ ಹೊಸತರಲ್ಲಿ ಆಸ್ಪತ್ರೆ ಸಾಫ್ಟ್‌ವೇರ್ ಅಂದ್ರೆ ಬರೀ ಬಿಲ್ಲಿಂಗ್ ಅಂದ್ಕೊಂಡಿದ್ದೆ.

1970ರಲ್ಲಿ ಸುಲ್ತಾನ್ ಖಾಬೂಸ್ ಪಟ್ಟಕ್ಕೆ ಬಂದಾಗ ಒಮಾನ್‌ನಲ್ಲಿದ್ದದ್ದು ಎರಡೇ ಆಸ್ಪತ್ರೆ, ಅದೂ ಅಮೆರಿಕನ್ ಮಿಷನ್‌ನವರದ್ದು. 1987ರಲ್ಲಿ ರಾಯಲ್ ಆಸ್ಪತ್ರೆ ಶುರುವಾಯ್ತು. ಮುಂದೆ ಆರೋಗ್ಯ ಸಚಿವಾಲಯದವರು ತಾವೇ ‘ಅಲ್ ಶಿಫಾ’ ತಂತ್ರಾಂಶ ಬರೆದರು. 2010ರಲ್ಲಿ ಅದಕ್ಕೆ ವಿಶ್ವಸಂಸ್ಥೆಯ ಸಾರ್ವಜನಿಕ ಸೇವಾ ಪ್ರಶಸ್ತಿಯೂ ಬಂತು.

ಆದ್ರೆ ಕಷ್ಟ ಎಲ್ಲಿತ್ತು ಗೊತ್ತಾ? ಹೆಸರಲ್ಲಿ! ಒಬ್ಬನೇ ಮಹಮ್ಮದ್ ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ನಾಲ್ಕು ಜನ ಆಗ್ತಾನೆ. ಪೆನ್ಸಿಲಿನ್ ಆಗೋಲ್ಲ ಅನ್ನೋ ಮಾಹಿತಿ ಒಂದು ಫೈಲಲ್ಲಿ, ಡಾಕ್ಟರ್ ಕೈಯಲ್ಲಿ ಇನ್ನೊಂದು ಫೈಲು... ನನ್ನದೇ ಕೋಡ್‌ನಿಂದ ಹೀಗಾದಾಗ ನರ್ಸೊಬ್ಬರ ನೆನಪಿನ ಶಕ್ತಿ ಆ ರೋಗಿಯನ್ನು ಉಳಿಸಿತು.

ಅವತ್ತಿನಿಂದ ನನ್ನ ಪ್ರೋಗ್ರಾಂ ಹೆಸರಿಗಿಂತ ಮೊದಲು ಗುರುತಿನ ಸಂಖ್ಯೆ ಕೇಳುತ್ತೆ. ಆಸ್ಪತ್ರೆ ಕಟ್ಟಿದವರದ್ದು ಅರ್ಧ ಕೆಲಸ, ಉಳಿದರ್ಧ ನಮ್ಮದು ಅಲ್ವಾ?