ಮಾತಿಗೆ ಸಿಗದ ಭಾವನೆಗೆ ಚಲನೆಯ ಆಟ: ಪೋಷಕರು ತಿಳಿಯಬೇಕಾದದ್ದು

ಶಾಲೆಗೆ ಹೊರಡುವ ಹೊತ್ತಿಗೆ ಮಗುವಿಗೆ ಹೊಟ್ಟೆನೋವು. ವೈದ್ಯರು ಪರೀಕ್ಷಿಸಿ ತೊಂದರೆ ಇಲ್ಲ ಎಂದಿದ್ದಾರೆ. ರಜೆಯ ದಿನ ನೋವೂ ಇರುವುದಿಲ್ಲ. ಹಾಗೆಂದು ಮಗು ಸುಳ್ಳು ಹೇಳುತ್ತಿದೆ ಎಂದುಕೊಳ್ಳಬೇಡಿ. ಭಯ, ಬೇಸರವನ್ನು ಹೇಳಿಕೊಳ್ಳಲು ಬಾರದಿದ್ದಾಗ ಅದು ಮೈನೋವಾಗಿ ಕಾಣಿಸಿಕೊಳ್ಳಬಹುದು. ಇದಕ್ಕೆ ಔಷಧಿ ಅಂಗಡಿಯಲ್ಲಿ ಸಿರಪ್ ಇಲ್ಲ.

ಚೆನ್ನೈನ ಅನೇಕ ಕನ್ನಡ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ತರಗತಿಯಲ್ಲಿ ಇಂಗ್ಲಿಷ್. ಹಲವು ಭಾಷೆ ಕಲಿಯುವುದರಿಂದ ಹಾನಿಯಿಲ್ಲ. ಆದರೆ ಮನಸ್ಸಿನ ಮಾತು ಯಾವ ಭಾಷೆಯಲ್ಲೂ ಹೊರಬರದಾಗ ಆಟ ದಾರಿಯಾಗಬಲ್ಲದು.

ಚಲನೆಯ ಆಟ ಎಂದರೇನು?

ನಡಿಗೆ, ಕುಣಿತ, ಕೈಸನ್ನೆ, ಮುಖಭಾವಗಳಿಂದ ಭಾವನೆ ತೋರಿಸುವ ಮತ್ತು ಇನ್ನೊಬ್ಬರ ಭಾವನೆ ಗುರುತಿಸುವ ಆಟ. ರುಕ್ಮಿಣಿ ದೇವಿ ಅರುಂಡೇಲ್ 1936ರಲ್ಲಿ ಕಲಾಕ್ಷೇತ್ರ ಕಟ್ಟಿದ ಈ ನಗರಕ್ಕೆ ಅಭಿನಯ ಹೊಸದಲ್ಲ. ಆದರೆ ಇದು ನೃತ್ಯದ ಪಾಠವಲ್ಲ. ಇಲ್ಲಿ ಸರಿ-ತಪ್ಪು ಇಲ್ಲ, ಪ್ರದರ್ಶನವೂ ಇಲ್ಲ.

ಪುರಾವೆ ಏನು?

ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 14 ತಿಂಗಳ ಕೂಸುಗಳನ್ನು ಸಂಗೀತಕ್ಕೆ ಕುಣಿಸಿ ನೋಡಿದರು. ಎದುರಿಗಿದ್ದವರೊಂದಿಗೆ ಒಂದೇ ತಾಳದಲ್ಲಿ ಕುಣಿದ ಕೂಸುಗಳು, ಅವರು ಬೀಳಿಸಿದ ವಸ್ತುವನ್ನು ಎತ್ತಿಕೊಡಲು ಹೆಚ್ಚು ಮುಂದಾದವು. ಅಧ್ಯಯನ ಪ್ರಕಟವಾದದ್ದು 2014ರಲ್ಲಿ. ಇದು ಆ ಹೊತ್ತಿನ ವರ್ತನೆಯ ಪರೀಕ್ಷೆ ಮಾತ್ರ. ಆಟದಿಂದ ಸ್ವಭಾವವೇ ಬದಲಾಗುತ್ತದೆ ಎಂಬ ಖಾತರಿಯಲ್ಲ.

ಮನೆಯಲ್ಲಿ ಆಡಬಹುದಾದ ಆಟಗಳು

• ಕನ್ನಡಿ ಆಟ: ಎದುರುಬದುರು ನಿಂತು ಮಗು ಮಾಡಿದಂತೆ ನೀವು ಮಾಡಿ. ನಂತರ ಅದಲುಬದಲಾಗಿ. ತನ್ನನ್ನು ಯಾರೋ ಗಮನಿಸುತ್ತಿದ್ದಾರೆ ಎಂಬ ಭರವಸೆ ಮಗುವಿಗೆ ಸಿಗುತ್ತದೆ.

• ನಡಿಗೆ ಆಟ: ಸಿಟ್ಟಾದ ಆನೆ, ಹೆದರಿದ ಬೆಕ್ಕು, ಖುಷಿಯ ಕೋತಿಯಂತೆ ನಡೆಯಿರಿ. ಕೊನೆಗೆ, "ನಿನಗೆ ಯಾವಾಗ ಹೀಗಾಗುತ್ತೆ?" ಎಂದು ಕೇಳಿ.

• ಬೊಂಬೆ ಆಟ: ಒಬ್ಬರು ಒಂದು ಭಾವನೆ ತೋರಿಸುತ್ತಾ ಬೊಂಬೆಯಂತೆ ನಿಲ್ಲಲಿ, ಉಳಿದವರು ಊಹಿಸಲಿ. "ಈ ಬೊಂಬೆಗೆ ಈಗ ಏನು ಬೇಕು?" ಎಂಬ ಪ್ರಶ್ನೆ ಮುಖ್ಯ. ಇನ್ನೊಬ್ಬರ ಮನಸ್ಸು ಅರಿಯುವ ಅಭ್ಯಾಸ ಇಲ್ಲಿಂದ ಶುರು.

• ಕೆರೆ-ದಡ: ಕೇಳಿ, ತಡೆದು, ಆಮೇಲೆ ಜಿಗಿಯುವುದನ್ನು ಕಲಿಸುತ್ತದೆ. ಔಟಾದ ಮಗುವನ್ನು ಹೊರಗೆ ಕೂರಿಸದೆ, ಆಟ ನಡೆಸಲು ಬಿಡಿ.

ಎಚ್ಚರಿಕೆಗಳು

• ದಿನಕ್ಕೆ ಹತ್ತು ನಿಮಿಷ ಆಡಿದರೂ ಆಯಿತು. ಚೆನ್ನೈ ಬಿಸಿಲಿನಲ್ಲಿ ಬೇಡ. ಸಂಜೆ ತಾರಸಿ ಅಥವಾ ಮನೆಯೊಳಗೆ ಆಡಿ, ನೀರು ಕುಡಿಸಿ.
• ಒತ್ತಾಯ ಬೇಡ. ಅಳುವುದನ್ನು, ಹೆದರುವುದನ್ನು ನೋಡಿ ನಗಬೇಡಿ.
• ಆಟಿಸಂ ಇರುವ ಮಗುವಿಗೆ ಕಣ್ಣಲ್ಲಿ ಕಣ್ಣಿಟ್ಟು ನೋಡು ಎನ್ನಬೇಡಿ. ಗಾಲಿಕುರ್ಚಿಯಲ್ಲಿರುವ ಮಗು ಕೈ, ಮುಖದಿಂದಲೇ ಆಡಬಹುದು.
• ಆಸ್ತಮಾ ಇದ್ದರೆ ವೈದ್ಯರು ಬರೆದುಕೊಟ್ಟ ಇನ್ಹೇಲರ್ ಹತ್ತಿರವಿರಲಿ.
• ಮಗು ಸುಧಾರಿಸಿತೆಂದು ಫಿಟ್ಸ್ ಅಥವಾ ಎಡಿಎಚ್‌ಡಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಯಾವಾಗ ನೆರವು ಪಡೆಯಬೇಕು?

ನಿದ್ದೆ, ಊಟ, ಶಾಲೆ ಎರಡು ವಾರಕ್ಕಿಂತ ಹೆಚ್ಚು ಕಾಲ ಏರುಪೇರಾದರೆ, ಕಲಿತ ಮಾತು ನಿಂತುಹೋದರೆ ಮಕ್ಕಳ ವೈದ್ಯರನ್ನು ಕಾಣಿ. ಸಾಯುವ ಮಾತಾಡಿದರೆ, ತನ್ನನ್ನು ಗಾಯಗೊಳಿಸಿಕೊಂಡರೆ ಮಗುವನ್ನು ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಸಲಹೆಗೆ ಟೆಲಿ ಮನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ. ಕನ್ನಡದಲ್ಲೂ ತಮಿಳಿನಲ್ಲೂ ಮಾತನಾಡಬಹುದು. ಆಟದ ನಡುವೆ ಮಗು ಯಾರದೋ ಹೊಡೆತ, ಕೆಟ್ಟ ಸ್ಪರ್ಶದ ಸುಳಿವು ಕೊಟ್ಟರೆ ಗದರಿಸದೆ ಕೇಳಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.