ಅಮೆರಿಕದ ಆರಂಭಕಾಲದ ರಾಜ್ಯಗಳಲ್ಲಿ ದಾಸ್ಯ ಮತ್ತು ಬಿಡುಗಡೆ

ಅಮೆರಿಕ ಸಂಯುಕ್ತ ಸಂಸ್ಥಾನದ ಮೊದಲ ಜನಗಣತಿ ನಡೆದದ್ದು 1790ರಲ್ಲಿ. ಆ ಗಣತಿಯ ಪಟ್ಟಿಯಲ್ಲಿ ಐದು ಕಲಮುಗಳಿದ್ದವು: ಹದಿನಾರು ವರ್ಷ ತುಂಬಿದ ಬಿಳಿಯ ಗಂಡಸರು, ಅದಕ್ಕಿಂತ ಕಿರಿಯರಾದ ಬಿಳಿಯ ಹುಡುಗರು, ಬಿಳಿಯ ಹೆಂಗಸರು, ಇತರ ಸ್ವತಂತ್ರ ವ್ಯಕ್ತಿಗಳು, ಕೊನೆಯದಾಗಿ ಗುಲಾಮರು. ಮನೆಯ ಯಜಮಾನನ ಹೆಸರನ್ನಷ್ಟೇ ಬರೆದು ಉಳಿದವರನ್ನು ಅಂಕಿಗಳಾಗಿ ನಮೂದಿಸಲಾಯಿತು. ಒಟ್ಟು ಸುಮಾರು 39 ಲಕ್ಷ ಜನರಲ್ಲಿ ಗುಲಾಮರು ಹತ್ತಿರಹತ್ತಿರ 7 ಲಕ್ಷ. ನಾಲ್ಕನೆಯ ಕಲಮಿನವರು 59,000ಕ್ಕೆ ಮಿಕ್ಕಿದ್ದರು. ಅವರಲ್ಲಿ ಬಹುತೇಕರು ಸ್ವತಂತ್ರ ಕಪ್ಪು ಜನರು. ಇತಿಹಾಸದ ಪಠ್ಯಗಳಲ್ಲಿ ಗುಲಾಮರ ಕಥೆಯನ್ನು ನಾವು ಓದಿದ್ದೇವೆ. ಈ ನಾಲ್ಕನೆಯ ಕಲಮಿನವರ ಕಥೆ ನಮ್ಮ ಕಣ್ಣಿಗೆ ಬಿದ್ದದ್ದು ಕಡಿಮೆ. ಬಿಡುಗಡೆ ಎಂಬ ಮಾತಿಗೆ ಒಂದೊಂದು ರಾಜ್ಯದಲ್ಲಿ ಒಂದೊಂದು ಅರ್ಥವಿತ್ತೆಂಬುದನ್ನು ಅರಿಯಲು ಅವರ ಕಥೆಯೇ ನೆರವಾಗುತ್ತದೆ.

ಉತ್ತರದ ರಾಜ್ಯಗಳು ಸ್ವತಂತ್ರ, ದಕ್ಷಿಣದವು ಗುಲಾಮಗಿರಿಯವು ಎಂದು ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಆದರೆ 1776ರಲ್ಲಿ ಸ್ವಾತಂತ್ರ್ಯ ಘೋಷಿಸಿಕೊಂಡಾಗ ಹದಿಮೂರು ರಾಜ್ಯಗಳಲ್ಲಿಯೂ ಗುಲಾಮರಿದ್ದರು. ಆ ಹದಿಮೂರರಲ್ಲಿ ಸೇರದಿದ್ದ ವರ್ಮಾಂಟ್ 1777ರ ತನ್ನ ಸಂವಿಧಾನದಲ್ಲಿ ವಯಸ್ಕರ ದಾಸ್ಯವನ್ನು ನಿಷೇಧಿಸಿತು. ಮ್ಯಾಸಚೂಸೆಟ್ಸ್‌ನಲ್ಲಿ ಕೆಲಸ ಮಾಡಿದ್ದು ನ್ಯಾಯಾಲಯ. ಬೆಟ್ ಎಂಬ ಗುಲಾಮ ಹೆಂಗಸು ರಾಜ್ಯದ ಹೊಸ ಸಂವಿಧಾನದ ಸಮಾನತೆಯ ಮಾತು ತನಗೂ ಅನ್ವಯಿಸಬೇಕೆಂದು ವಾದ ಹೂಡಿ 1781ರಲ್ಲಿ ಗೆದ್ದಳು. ಬಳಿಕ ಎಲಿಜಬೆತ್ ಫ್ರೀಮನ್ ಎಂಬ ಹೆಸರಿನಿಂದ ಬಾಳಿದಳು. ಕ್ವಾಕ್ ವಾಕರ್‌ನ ಮೊಕದ್ದಮೆಗಳು 1783ರಲ್ಲಿ ಆ ದಾರಿಯನ್ನು ಗಟ್ಟಿಗೊಳಿಸಿದವು. 1790ರ ಗಣತಿಯಲ್ಲಿ ಆ ರಾಜ್ಯದ ಗುಲಾಮರ ಕಲಮು ಸೊನ್ನೆ.

ಉಳಿದ ಕಡೆ ಬಿಡುಗಡೆ ಕಂತುಕಂತಾಗಿ ಬಂದಿತು. ಪೆನ್ಸಿಲ್ವೇನಿಯದ 1780ರ ಕಾನೂನು ಆಗ ಬದುಕಿದ್ದ ಗುಲಾಮರಲ್ಲಿ ಯಾರನ್ನೂ ತಾನಾಗಿ ಬಿಡಿಸಲಿಲ್ಲ. ಇನ್ನು ಮುಂದೆ ಹುಟ್ಟುವ ಮಕ್ಕಳು, ಅವರೂ 28 ವರ್ಷ ತಾಯಿಯ ಒಡೆಯನಿಗೆ ದುಡಿದ ಮೇಲೆ, ಸ್ವತಂತ್ರರು ಎಂದಿತು. ನ್ಯೂಯಾರ್ಕ್ 1799ರಲ್ಲಿ, ನ್ಯೂಜೆರ್ಸಿ 1804ರಲ್ಲಿ ಇದೇ ಬಗೆಯ ಶಾಸನ ಮಾಡಿದವು. ಹೀಗೆ ಗುಲಾಮಗಿರಿಯಿಂದ ಬಿಡಿಸುವ ವೆಚ್ಚವನ್ನು ಒಡೆಯನಾಗಲಿ ಸರ್ಕಾರವಾಗಲಿ ಹೊರಲಿಲ್ಲ. ಹುಟ್ಟಿದ ಮಗುವೇ ತನ್ನ ಯೌವನವನ್ನು ತೆತ್ತು ತೀರಿಸಿತು. ನ್ಯೂಯಾರ್ಕ್‌ನಲ್ಲಿ ಪೂರ್ಣ ಬಿಡುಗಡೆಯಾದದ್ದು 1827ರ ಜುಲೈ 4ರಂದು. ನ್ಯೂಜೆರ್ಸಿಯಲ್ಲಿ 1860ರ ಗಣತಿಯ ಹೊತ್ತಿಗೂ ಜೀವಾವಧಿ ಸೇವೆಗೆ ಕಟ್ಟುಬಿದ್ದ 18 ಮಂದಿ ಉಳಿದಿದ್ದರು.

ದಕ್ಷಿಣದ ಚಿತ್ರವೂ ಏಕರೂಪವಾಗಿರಲಿಲ್ಲ. ವರ್ಜೀನಿಯ 1782ರಲ್ಲಿ ಒಡೆಯರು ತಮ್ಮ ಗುಲಾಮರನ್ನು ತಾವೇ ಬಿಡುಗಡೆ ಮಾಡಲು ಅವಕಾಶ ಕೊಟ್ಟಿತು. ರಾಬರ್ಟ್ ಕಾರ್ಟರ್ ಎಂಬ ಸಿರಿವಂತ ಜಮೀನುದಾರ 1791ರಲ್ಲಿ ಪತ್ರ ಬರೆದು ನೂರಾರು ಮಂದಿಯನ್ನು ಹಂತಹಂತವಾಗಿ ಬಿಡುಗಡೆ ಮಾಡಲು ತೊಡಗಿದ. ಜಾರ್ಜ್ ವಾಷಿಂಗ್ಟನ್ ತನ್ನ ಸ್ವಂತ ಹಕ್ಕಿನಲ್ಲಿದ್ದ 123 ಗುಲಾಮರ ಬಿಡುಗಡೆಯನ್ನು ಮರಣಶಾಸನದಲ್ಲಿ ಬರೆದಿಟ್ಟ. ಆದರೆ 1806ರಲ್ಲಿ ಅದೇ ವರ್ಜೀನಿಯ, ಬಿಡುಗಡೆಯಾದವರು ಹನ್ನೆರಡು ತಿಂಗಳೊಳಗೆ ರಾಜ್ಯ ಬಿಡಬೇಕೆಂದು ವಿಧಿಸಿತು. ತಾನು ಸ್ವತಂತ್ರಳಾಗಿ ಮಕ್ಕಳು ಇನ್ನೂ ಗುಲಾಮರಾಗಿರುವ ತಾಯಿಯೊಬ್ಬಳಿಗೆ ಈ ಕಾನೂನು ಏನನ್ನು ಹೇಳುತ್ತಿತ್ತೆಂಬುದನ್ನು ನಾವು ಊಹಿಸಿಕೊಳ್ಳಬಹುದು.

ದೆಲವೇರ್‌ನಲ್ಲಿ ಹೊಗೆಸೊಪ್ಪಿನ ಬೇಸಾಯ ಹಿಂದೆ ಸರಿದು ಗೋಧಿ ಮುಂದೆ ಬಂದಿತ್ತು. ವರ್ಷವಿಡೀ ಆಳು ಸಾಕುವುದು ಲಾಭವಲ್ಲವಾಯಿತು. ಕ್ವೇಕರ್ ಮತ್ತು ಮೆಥಡಿಸ್ಟ್ ಪಂಥಗಳ ಬೋಧೆಯೂ ಜೊತೆಗೂಡಿತು. 1810ರ ವೇಳೆಗೆ ಅಲ್ಲಿನ ಕಪ್ಪು ಜನರಲ್ಲಿ ನಾಲ್ಕರಲ್ಲಿ ಮೂರು ಪಾಲು ಸ್ವತಂತ್ರರು. ಆದರೂ ಆ ರಾಜ್ಯ ಗುಲಾಮಗಿರಿಯನ್ನು ರದ್ದುಪಡಿಸುವ ಕಾನೂನನ್ನು ಮಾಡಲೇ ಇಲ್ಲ. ಇನ್ನೂ ದಕ್ಷಿಣಕ್ಕೆ, ಸೌತ್ ಕೆರೊಲಿನ ಮತ್ತು ಜಾರ್ಜಿಯಗಳ ಭತ್ತದ ಗದ್ದೆಗಳಲ್ಲಿ, 1793ರಲ್ಲಿ ಹತ್ತಿ ಬಿಡಿಸುವ ಯಂತ್ರ ಬಂದ ಮೇಲೆ ಹತ್ತಿಯ ಹೊಲಗಳಲ್ಲಿ, ಬಾಗಿಲು ಮುಚ್ಚುತ್ತ ಹೋಯಿತು. 1820ರಿಂದ ಸೌತ್ ಕೆರೊಲಿನದಲ್ಲಿ ಶಾಸನಸಭೆಯ ಅನುಮತಿಯಿಲ್ಲದೆ ಒಡೆಯನೂ ತನ್ನ ಗುಲಾಮನನ್ನು ಬಿಡುವಂತಿರಲಿಲ್ಲ.

ಇಂಥಲ್ಲಿ ಸ್ವಾತಂತ್ರ್ಯವೆಂದರೆ ಮೊದಲಿಗೆ ಒಂದು ಕಾಗದ. ವರ್ಜೀನಿಯದ ಸ್ವತಂತ್ರ ಕಪ್ಪು ಜನರು ಅದನ್ನು ಪಡೆಯಲು ಕಚೇರಿಯಲ್ಲಿ ನೋಂದಾಯಿಸಿಕೊಳ್ಳಬೇಕಿತ್ತು; ಬಣ್ಣ, ಎತ್ತರ, ವಯಸ್ಸುಗಳನ್ನು ಅದರಲ್ಲಿ ಬರೆಯುತ್ತಿದ್ದರು. ಗುಲಾಮಗಿರಿಯನ್ನು ನಿಷೇಧಿಸಿದ್ದ ಒಹಾಯೊ ಕೂಡ 1804ರಲ್ಲಿ ಇಂಥ ಪ್ರಮಾಣಪತ್ರವನ್ನು ಕೇಳಿತು. 1807ರಲ್ಲಿ ಅಲ್ಲಿಗೆ ಬಂದು ನೆಲೆಸುವ ಕಪ್ಪು ಜನರು 500 ಡಾಲರ್ ಜಾಮೀನು ಒದಗಿಸಬೇಕೆಂದಿತು. ಕಾಗದದ ಬಲವೂ ಅಷ್ಟಕ್ಕಷ್ಟೆ. ನ್ಯೂಯಾರ್ಕ್‌ನಲ್ಲಿ ಸ್ವತಂತ್ರನಾಗಿ ಹುಟ್ಟಿದ ಸಾಲಮನ್ ನಾರ್ಥಪ್‌ನನ್ನು 1841ರಲ್ಲಿ ರಾಜಧಾನಿ ವಾಷಿಂಗ್ಟನ್‌ನಲ್ಲೇ ಅಪಹರಿಸಿ ಮಾರಲಾಯಿತು. ಅವನು ಹನ್ನೆರಡು ವರ್ಷ ಲೂಸಿಯಾನದಲ್ಲಿ ಗುಲಾಮನಾಗಿದ್ದ. ಇದಕ್ಕೆ ಎದುರಾಗಿ ಇನ್ನೊಂದು ಘಟನೆ: 1838ರಲ್ಲಿ ಫ್ರೆಡರಿಕ್ ಡಗ್ಲಾಸ್ ಬಾಲ್ಟಿಮೋರ್‌ನಿಂದ ತಪ್ಪಿಸಿಕೊಂಡದ್ದು ಸ್ವತಂತ್ರ ನಾವಿಕನೊಬ್ಬನ ಕಾಗದವನ್ನು ಎರವಲು ಪಡೆದು. ಅದರ ಚಹರೆ ಅವನಿಗೆ ಹೊಂದುತ್ತಿರಲಿಲ್ಲ. ರೈಲಿನ ಅಧಿಕಾರಿ ನಿಟ್ಟಿಸಿ ನೋಡದಿದ್ದುದರಿಂದ ಅವನು ಪಾರಾದ. ಸಿಕ್ಕಿಬಿದ್ದಿದ್ದರೆ ಕಾಗದ ಕೊಟ್ಟ ಗೆಳೆಯನ ಸ್ವಾತಂತ್ರ್ಯಕ್ಕೂ ಕುತ್ತು ಬರುತ್ತಿತ್ತು.

ಇದ್ದ ಹಕ್ಕುಗಳು ಹೋದದ್ದೂ ಉಂಟು. ನ್ಯೂಜೆರ್ಸಿಯಲ್ಲಿ ಆಸ್ತಿಯುಳ್ಳ ಕಪ್ಪು ಜನರಿಗಿದ್ದ ಮತಾಧಿಕಾರ 1807ರಲ್ಲಿ ಹೋಯಿತು. ನ್ಯೂಯಾರ್ಕ್ 1821ರಲ್ಲಿ ಬಿಳಿಯರಿಗೆ ಆಸ್ತಿಯ ನಿರ್ಬಂಧವನ್ನು ಸಡಿಲಿಸಿ, ಕಪ್ಪು ಮತದಾರರಿಗೆ ಮಾತ್ರ 250 ಡಾಲರ್ ಬೆಲೆಯ ಆಸ್ತಿಯ ಷರತ್ತನ್ನು ಹೇರಿತು. ನಾರ್ತ್ ಕೆರೊಲಿನ 1835ರಲ್ಲಿ, ಪೆನ್ಸಿಲ್ವೇನಿಯ 1838ರಲ್ಲಿ ಅವರ ಮತವನ್ನು ಪೂರ್ತಿ ಕಸಿದುಕೊಂಡವು. ಬಿಳಿಯರ ಪ್ರಜಾಪ್ರಭುತ್ವ ಹಿಗ್ಗಿದ ಕಾಲದಲ್ಲಿಯೇ ಸ್ವತಂತ್ರ ಕಪ್ಪು ಜನರ ಪಾಲು ಕುಗ್ಗಿತು.

ಆದರೆ ಅವರು ಸುಮ್ಮನೆ ಕುಳಿತವರಲ್ಲ. ಫಿಲಡೆಲ್ಫಿಯದಲ್ಲಿ ರಿಚರ್ಡ್ ಆಲನ್ ಮತ್ತು ಆಬ್ಸಲಂ ಜೋನ್ಸ್, ಇಬ್ಬರೂ ಗುಲಾಮರಾಗಿ ಹುಟ್ಟಿದವರು, 1787ರಲ್ಲಿ ವಿಧವೆಯರಿಗೂ ರೋಗಿಗಳಿಗೂ ನೆರವಾಗುವ ಸಂಘವೊಂದನ್ನು ಕಟ್ಟಿದರು. 1793ರ ಹಳದಿ ಜ್ವರದಲ್ಲಿ ಉಳ್ಳವರು ಊರು ಬಿಟ್ಟಾಗ ಈ ಜನ ರೋಗಿಗಳ ಶುಶ್ರೂಷೆ ಮಾಡಿದರು, ಹೆಣಗಳನ್ನು ಹೂಳಿದರು. ಬಳಿಕ ಹಣ ಸುಲಿದರೆಂಬ ಅಪವಾದ ಬಂದಾಗ, ಜಮಾಖರ್ಚಿನ ಸಮೇತ ಒಂದು ಕಿರುಹೊತ್ತಗೆಯನ್ನು 1794ರಲ್ಲಿ ಅಚ್ಚು ಹಾಕಿಸಿ ಉತ್ತರ ಕೊಟ್ಟರು. ಸ್ವತಂತ್ರ ಕಪ್ಪು ಜನರನ್ನು ಆಫ್ರಿಕಕ್ಕೆ ಕಳುಹಿಸುವ ಯೋಜನೆ ಬಂದಾಗ, 1817ರಲ್ಲಿ ಆಲನ್‌ರ ಬೆತೆಲ್ ಚರ್ಚಿನಲ್ಲಿ ದೊಡ್ಡ ಸಭೆ ಸೇರಿ ಅದನ್ನು ತಿರಸ್ಕರಿಸಿತು: ಈ ನೆಲ ತಮ್ಮದೂ ಹೌದು, ಗುಲಾಮರಾಗಿರುವ ಬಂಧುಗಳನ್ನು ಬಿಟ್ಟು ಹೋಗುವುದಿಲ್ಲ ಎಂಬುದು ಅವರ ನಿಲುವು. 1827ರಲ್ಲಿ ನ್ಯೂಯಾರ್ಕ್‌ನಲ್ಲಿ ಅವರದೇ ಪತ್ರಿಕೆ ‘ಫ್ರೀಡಮ್ಸ್ ಜರ್ನಲ್’ ಹೊರಟಿತು.

1860ರಲ್ಲಿ ಸ್ವತಂತ್ರ ಕಪ್ಪು ಜನರು ಸುಮಾರು 4.88 ಲಕ್ಷ, ಗುಲಾಮರು 39.5 ಲಕ್ಷ. ಸಂವಿಧಾನದ ಹದಿಮೂರನೆಯ ತಿದ್ದುಪಡಿ 1865ರ ಡಿಸೆಂಬರಿನಲ್ಲಿ ಜಾರಿಗೆ ಬಂದಾಗಲೇ ದೆಲವೇರ್‌ನ ಉಳಿದ ಗುಲಾಮರೂ ಬಿಡುಗಡೆ ಕಂಡರು. ಎಂಟು ವರ್ಷಗಳ ನಂತರ, 1873ರಲ್ಲಿ, ಜ್ಯೋತಿಬಾ ಫುಲೆ ಅವರು ತಮ್ಮ ‘ಗುಲಾಮಗಿರಿ’ಯನ್ನು ದಾಸ್ಯವಿಮೋಚನೆಗಾಗಿ ತ್ಯಾಗ ಮಾಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ಮರಾಠಿ ನೆರೆಹೊರೆಯಲ್ಲಿ ಬಾಳುವ ನಮ್ಮ ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡಿಗರಿಗೆ ಆ ಕೃತಿಯ ಹೆಸರು ಹೊಸದಲ್ಲ.

ರಾಜ್ಯದ ಗಡಿಗಳ ಆಚೀಚೆ ಬಾಳುವ ನಾವು ನಮ್ಮ ತೊಡಕುಗಳನ್ನು ಆ ಜನರ ಪಾಡಿನೊಡನೆ ಹೋಲಿಸಲಾಗದು. ಹೋಲಿಸಿದರೆ ಅದು ಅವರಿಗೆ ಮಾಡುವ ಅನ್ಯಾಯ. ಆದರೆ ಕಾನೂನಿನ ಪುಸ್ತಕವನ್ನು ಓದುವ ಬಗೆಯೊಂದನ್ನು ಅವರಿಂದ ಕಲಿಯಬಹುದು. ದಾಸ್ಯ ರದ್ದಾಯಿತು ಎಂದು ಬರೆದಿರುವಲ್ಲಿ, ಯಾವ ದಿನದಿಂದ, ಯಾರ ಮಕ್ಕಳಿಗೆ, ಎಷ್ಟು ವರ್ಷ ದುಡಿದ ಮೇಲೆ, ಯಾವ ಹಕ್ಕುಗಳೊಡನೆ ಎಂದು ಕೇಳಬೇಕು. ನಮ್ಮ ಮಕ್ಕಳಿಗೆ ಯಾವ ದೇಶದ ಇತಿಹಾಸವನ್ನು ಹೇಳುವಾಗಲೂ ಈ ಪ್ರಶ್ನೆಗಳನ್ನು ಜೊತೆಗಿಟ್ಟು ಹೇಳೋಣ.