‘ಶೇ 90 ಜನ ಹೌದು ಎಂದರು’: ವಾಟ್ಸ್‌ಆ್ಯಪ್ ಪೋಲ್ ಜನಾಭಿಪ್ರಾಯವೇ?

‘ಅಕ್ರಮ ವಲಸಿಗರನ್ನು ಹೊರಹಾಕಬೇಕೇ? ಹೌದು/ಇಲ್ಲ.’ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಯಾವ ಗ್ರೂಪಿಗೆ ಇಂಥ ಪೋಲ್ ಬಂದರೂ ಅದರ ಫಲಿತಾಂಶವನ್ನು ನಾವು ಜನಾಭಿಪ್ರಾಯ ಎನ್ನುವಂತಿಲ್ಲ. ಏಕೆಂದು ನೋಡೋಣ.

ಯಾರನ್ನು ಕೇಳಿದರು?
ಪೋಲ್ ಒತ್ತುವವರು ಗ್ರೂಪಿನಲ್ಲಿದ್ದು ಆಸಕ್ತಿ ಇರುವವರು ಮಾತ್ರ. ಸ್ಮಾರ್ಟ್‌ಫೋನ್ ಇಲ್ಲದವರು ಲೆಕ್ಕಕ್ಕೇ ಇಲ್ಲ. ಸರಿಯಾದ ಸಮೀಕ್ಷೆಯಲ್ಲಿ ಚೀಟಿ ಎತ್ತಿದಂತೆ ಎಲ್ಲ ಬಗೆಯ ಜನರನ್ನು ಆರಿಸುತ್ತಾರೆ. ಹಾಗೆ ಆರಿಸಿದ 1,000 ಜನರ ಉತ್ತರ ಸಾಮಾನ್ಯವಾಗಿ ಶೇ 3ರಷ್ಟು ಆಚೀಚೆ ಆಗಬಹುದು. ತಾವಾಗಿ ಬಂದು ಒತ್ತಿದ ಲಕ್ಷ ಜನರ ಉತ್ತರಕ್ಕೆ ಆ ಖಾತರಿ ಇಲ್ಲ.

ಹೇಗೆ ಕೇಳಿದರು?
ಅಮೆರಿಕದ ಗ್ಯಾಲಪ್ ಸಂಸ್ಥೆಯ 2024ರ ಸಮೀಕ್ಷೆಯಲ್ಲಿ ಅಕ್ರಮ ವಲಸಿಗರೆಲ್ಲರನ್ನೂ ಗಡೀಪಾರು ಮಾಡಬೇಕು ಎಂದವರು ಶೇ 47. ಅವರಿಗೆ ಪೌರತ್ವ ಪಡೆಯುವ ಅವಕಾಶ ಬೇಕು ಎಂದವರು ಶೇ 70. ಕೂಡಿದರೆ 117! ಅಂದರೆ ಒಂದಷ್ಟು ಜನ ಎರಡಕ್ಕೂ ಹೌದು ಎಂದಿದ್ದಾರೆ. ಒಂದನ್ನಷ್ಟೇ ಫಾರ್ವರ್ಡ್ ಮಾಡಿದರೆ ಅದು ಅರ್ಧ ಸತ್ಯ.

ನಮಗೇಕೆ ಈ ಚಿಂತೆ?
2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ‘ಬಾಂಗ್ಲಾದೇಶಿಗಳು’ ಎಂಬ ಆರೋಪದ ಮೇಲೆ ಗುಡಿಸಲುಗಳನ್ನು ಕೆಡವಲಾಯಿತು. ಉತ್ತರ ಕರ್ನಾಟಕದಿಂದ ದುಡಿಯಲು ಹೋದವರೂ ಅಲ್ಲಿದ್ದರು. ಆ ತೆರವು ಕಾನೂನುಬಾಹಿರ ಎಂದ ಹೈಕೋರ್ಟ್, ಪುನರ್ವಸತಿಗೆ ಸೂಚಿಸಿತು. ನಮ್ಮ ತಾಲ್ಲೂಕುಗಳಿಂದ ಗುಳೆ ಹೋದವರು ಇಳಿದುಕೊಳ್ಳುವುದೂ ಇಂಥ ಗುಡಿಸಲುಗಳಲ್ಲೇ. ಯಾರು ಅಕ್ರಮ, ಅದನ್ನು ಯಾವ ದಾಖಲೆ ನೋಡಿ ತೀರ್ಮಾನಿಸುತ್ತಾರೆ ಎಂಬುದನ್ನು ಆ ಪೋಲ್ ಕೇಳುವುದೇ ಇಲ್ಲ.

ಫಾರ್ವರ್ಡ್ ಮಾಡುವ ಮುನ್ನ ನೋಡಿ: ಸಮೀಕ್ಷೆ ಮಾಡಿದ್ದು ಯಾರು? ಯಾವಾಗ? ಎಷ್ಟು ಜನರನ್ನು, ಹೇಗೆ ಆರಿಸಿದರು? ಕೇಳಿದ ಪ್ರಶ್ನೆ ಏನು? ಉತ್ತರ ಸಿಗದಿದ್ದರೆ ಅಲ್ಲಿಗೇ ಬಿಡಿ.